ಪಲ್ಪರ್ ಸದ್ದಿಗೆ ಕಿವಿ ಕೊಟ್ಟವರು: ಮಲೆನಾಡಿನ ಒಂದು ಎಲೆಕ್ಟ್ರಾನಿಕ್ ಆಲ್ಬಮ್‌ನ ಪ್ರಕರಣ

ಈ ಬರಹದಲ್ಲಿ ಬರುವ ಕಲಾವಿದೆಯನ್ನು ‘ಸ’ ಎಂದು ಕರೆಯುತ್ತೇನೆ. ಅವರ ಊರು ಚಿಕ್ಕಮಗಳೂರು ಜಿಲ್ಲೆಯಲ್ಲಿದೆ, ಅಷ್ಟು ಸಾಕು. ಆಲ್ಬಮ್ ಹೆಸರನ್ನಾಗಲಿ, ಟ್ರ್ಯಾಕ್‌ಗಳ ಹೆಸರನ್ನಾಗಲಿ ಕೊಟ್ಟಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ, ಪ್ರಕಟಿಸುವ ಮೊದಲು ಓದಿಯೂ ಇದ್ದಾರೆ. ನಾನು ಹಾಸನದಲ್ಲಿ ಚಿಕ್ಕದೊಂದು ರೆಕಾರ್ಡಿಂಗ್ ರೂಮ್ ಇಟ್ಟುಕೊಂಡವನು. ಭಕ್ತಿಗೀತೆ, ಭಾವಗೀತೆ, ಚುನಾವಣೆ ಬಂದರೆ ಪ್ರಚಾರದ ಆಟೋಗೆ ದನಿ, ಇದು ನನ್ನ ದಿನದ ಕೆಲಸ. ಈ ಆಲ್ಬಮ್‌ನ ಮಿಕ್ಸಿಂಗ್ ಮತ್ತು ಮಾಸ್ಟರಿಂಗ್, ಅಂದರೆ ಸದ್ದುಗಳನ್ನು ಹದವಾಗಿ ಬೆರೆಸಿ ಬಿಡುಗಡೆಗೆ ಸಿದ್ಧ ಮಾಡುವ ಕೆಲಸ, ನನ್ನ ಹತ್ತಿರ ಬಂತು.

ಹಿನ್ನೆಲೆ

‘ಸ’ ಅವರಿಗೆ ಮೂವತ್ತು ದಾಟಿದೆ. ವಾರವೆಲ್ಲ ಹಾಸನದಲ್ಲಿ ಆಫೀಸ್ ಕೆಲಸ, ರಜೆ ಬಂದರೆ ತೋಟದ ಮನೆ. ಅಪ್ಪನದ್ದು ದೊಡ್ಡ ಎಸ್ಟೇಟ್ ಏನಲ್ಲ. ಅರೇಬಿಕಾ ಸ್ವಲ್ಪ, ರೊಬಸ್ಟಾ ಸ್ವಲ್ಪ, ಮರಕ್ಕೆ ಹಬ್ಬಿಸಿದ ಮೆಣಸು. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತು, ಕಾಲೇಜಿಗೆ ಹೋದಾಗ ಬಿಟ್ಟರು. ಆಮೇಲೆ ಲ್ಯಾಪ್‌ಟಾಪ್, ಅದಕ್ಕೆ ಜೋಡಿಸಿ ನುಡಿಸುವ ಒಂದು ಮಿಡಿ ಕೀಬೋರ್ಡ್, ಕೈಯಲ್ಲಿ ಹಿಡಿಯುವ ರೆಕಾರ್ಡರ್ ಬಂದವು.

ಅವರು ಮಾಡಿದ್ದು ತೋಟದ ಸದ್ದುಗಳಿಂದಲೇ ಕಟ್ಟಿದ ಆಲ್ಬಮ್. ಜಿಂಕ್ ಶೀಟಿನ ಮೇಲೆ ಬೀಳುವ ಮಳೆ, ಹಣ್ಣು ಸುಲಿಯುವ ಪಲ್ಪರ್, ಸ್ಪ್ರಿಂಕ್ಲರ್‌ಗೆ ನೀರು ಎತ್ತುವ ಮೋಟಾರು, ಜೀರುಂಡೆ, ಚಾರ್ಮಾಡಿ ಘಾಟಿಯನ್ನು ಏದುಸಿರು ಬಿಡುತ್ತಾ ಹತ್ತುವ ಬಸ್ಸು, ಕಣದಲ್ಲಿ ಕೂತು ಕಾಫಿ ಆರಿಸುವ ಹೆಂಗಸರ ಮಾತು. ಇವನ್ನೆಲ್ಲ ಕತ್ತರಿಸಿ, ಹಿಗ್ಗಿಸಿ, ತಿರುಗುಮುರುಗು ಮಾಡಿ, ಅದರ ಜೊತೆ ಸಿಂಥಸೈಸರ್ (ಎಲೆಕ್ಟ್ರಾನಿಕ್ ಆಗಿ ಸ್ವರ ಹುಟ್ಟಿಸುವ ವಾದ್ಯ) ಸೇರಿಸಿದ್ದರು. ಏಳು ಟ್ರ್ಯಾಕ್, ಮುಕ್ಕಾಲು ಗಂಟೆಗೆ ಸ್ವಲ್ಪ ಕಮ್ಮಿ. ಸಾಹಿತ್ಯ ಇಲ್ಲ, ಪಲ್ಲವಿ ಇಲ್ಲ.

ಇದು ಹೊಸ ಹುಚ್ಚು ಅಂತ ಯಾರಾದರೂ ಅಂದುಕೊಂಡರೆ, ಅಲ್ಲ. 1948ರಲ್ಲೇ ಪಿಯೆರ್ ಶೆಫರ್ ಎಂಬ ರೇಡಿಯೊ ಎಂಜಿನಿಯರ್ ಪ್ಯಾರಿಸ್‌ನಲ್ಲಿ ರೈಲು ಎಂಜಿನ್ನುಗಳ ಸದ್ದನ್ನು ಜೋಡಿಸಿ ಸಂಗೀತ ಅಂತ ಪ್ರಸಾರ ಮಾಡಿದ್ದರು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಕಂಪನಿಯ ಸಿಂಥಸೈಸರ್ ಬಂದು, ಅಲ್ಲೊಂದು ಎಲೆಕ್ಟ್ರಾನಿಕ್ ಸ್ಟುಡಿಯೊ ಶುರುವಾಯಿತು. ಅಂದರೆ ನಮ್ಮ ದೇಶದಲ್ಲೂ ಇದಕ್ಕೆ ಅರ್ಧ ಶತಮಾನದ ಇತಿಹಾಸ ಇದೆ. ಆದರೆ ಮೂಡಿಗೆರೆ ಕಡೆಯ ತೋಟದವರ ಮನೆಗೆ ಈ ಸುದ್ದಿ ಯಾಕೆ ಬರಬೇಕು ಹೇಳಿ.

ತೊಂದರೆ ಶುರುವಾದದ್ದು

ಡಿಸೆಂಬರ್‌ನಲ್ಲಿ ಆಲ್ಬಮ್ ಬಿಡುಗಡೆ ಆಯಿತು. ಸ್ಪಾಟಿಫೈಗೂ ಹಾಕಿದರು, ಕಲಾವಿದರು ತಾವೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್‌ ವೆಬ್‌ಸೈಟಿಗೂ ಹಾಕಿದರು, ನೆಂಟರಿಷ್ಟರಿಗೆಲ್ಲ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರು. ಮೊದಲ ದಿನ ಬಂದ ಉತ್ತರಗಳೆಲ್ಲ ಸೂಪರ್, ಚಪ್ಪಾಳೆ, ಬೆಂಕಿ ಚಿತ್ರ. ‘ಸ’ ಅವರಿಗೆ ಖುಷಿಯೋ ಖುಷಿ.

ಎರಡನೇ ವಾರ ಅಂಕಿ ಅಂಶ ನೋಡಿದಾಗ ಕತೆ ಬೇರೆ ಇತ್ತು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಯಾರು ಪೂರ್ತಿ ಕೇಳಿದರು, ಯಾರು ಅರ್ಧಕ್ಕೆ ಬಿಟ್ಟರು, ಯಾರು ಶುರುವಿನಲ್ಲೇ ಹಾರಿಸಿದರು ಅಂತ ಬೇರೆ ಬೇರೆ ತೋರಿಸುತ್ತಾರೆ. ಹೆಚ್ಚಿನವರು ಹಾರಿಸಿದ್ದರು. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡ್ ಕೇಳಿದರೆ ಮಾತ್ರ ಒಂದು ಲೆಕ್ಕ. 2024ರಿಂದ ಇನ್ನೊಂದು ನಿಯಮ ಬಂದಿದೆ: ಒಂದು ಟ್ರ್ಯಾಕ್ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ಬಿಡಿಗಾಸೂ ಬರುವುದಿಲ್ಲ. ‘ಸ’ ಅವರ ಮೊದಲ ಟ್ರ್ಯಾಕ್ ಒಂದು ನಿಮಿಷಕ್ಕೂ ಜಾಸ್ತಿ ಬರೀ ಮಳೆ. ಸೂಪರ್ ಅಂದವರಲ್ಲಿ ಎಷ್ಟು ಜನ ಆ ಮಳೆಯನ್ನು ದಾಟಿದ್ದರು ಅನ್ನೋದು ಗೊತ್ತಾಗಿ ಹೋಯಿತು.

ಹೊಗಳದವರು ಮಾತ್ರ ನಿಜ ಹೇಳಿದ್ದರು. ದೊಡ್ಡಪ್ಪ ಫೋನ್ ಮಾಡಿ, “ಮಗಾ, ಹಾಡು ಯಾವಾಗ ಶುರು ಆಗುತ್ತೆ? ನಾನು ಕಾಯ್ತಾನೇ ಇದೀನಿ” ಅಂದರು. ಸೋದರತ್ತೆ ಮೂರನೇ ಟ್ರ್ಯಾಕ್ ಬಗ್ಗೆ, “ನಿನ್ ಫೈಲ್ ಸರಿ ಇಲ್ಲ ಕಣೇ, ಸೌಂಡೇ ಬರ್ತಿಲ್ಲ” ಅಂದರು. ಪಕ್ಕದ ತೋಟದ ಹಿರಿಯರೊಬ್ಬರದ್ದು ಬೈಗುಳವೇ. ಮಧ್ಯಾಹ್ನ ಊಟ ಮಾಡಿ ಮಲಗಿದ್ದಾಗ ಮೊಮ್ಮಗ ಪಕ್ಕದ ರೂಮಿನಲ್ಲಿ ಮೊದಲ ಟ್ರ್ಯಾಕ್ ಹಾಕಿದ್ದಾನೆ. ಇವರು ಮಳೆ ಬಂತು ಅಂತ ಎದ್ದು, ಕಣದಲ್ಲಿ ಹರಡಿದ್ದ ಕಾಫಿಗೆ ಟಾರ್ಪಲ್ ಎಳೆಯೋಕೆ ಬರಿಗಾಲಲ್ಲಿ ಓಡಿದ್ದಾರೆ. ಹೊರಗೆ ಸುಡು ಬಿಸಿಲು.

ಈ ಕೊನೆಯ ಪ್ರಸಂಗ ಕೇಳಿ ನಾನು ನಕ್ಕುಬಿಟ್ಟೆ. ‘ಸ’ ನಗಲಿಲ್ಲ. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲಿನ ಹೊತ್ತು. ಹಣ್ಣು ಕಣದಲ್ಲಿ ಒಣಗುತ್ತಾ ಇರುತ್ತದೆ, ಆಗ ಮಳೆ ಬಂದರೆ ಬೂಸ್ಟು ಹಿಡಿಯುತ್ತದೆ, ರೇಟು ಬೀಳುತ್ತದೆ. ಗಿಡದಲ್ಲಿ ಉಳಿದ ಹಣ್ಣು ಉದುರುತ್ತದೆ. ಅದೇ ಟ್ರ್ಯಾಕ್ ಬಗ್ಗೆ ಬೆಂಗಳೂರಿನ ಕೇಳುಗರೊಬ್ಬರು “ತುಂಬಾ ನೆಮ್ಮದಿ ಕೊಡುತ್ತೆ, ರಾತ್ರಿ ಹಾಕಿಕೊಂಡು ಮಲಗ್ತೀನಿ” ಅಂತ ಬರೆದಿದ್ದರು. ಸದ್ದು ಒಂದೇ. ಒಬ್ಬರಿಗೆ ನಿದ್ದೆ ಬರಿಸಿತು, ಇನ್ನೊಬ್ಬರ ನಿದ್ದೆ ಕೆಡಿಸಿತು.

ಏನೇನು ಮಾಡಿ ನೋಡಿದೆವು

ಗೆಳೆಯರು ಸಲಹೆ ಕೊಡಲು ಶುರು ಮಾಡಿದರು. ವಾಲ್ಯೂಮ್ ಏರಿಸಿ ಅಂದರು ಕೆಲವರು. ಅದರಿಂದ ಉಪಯೋಗ ಇಲ್ಲ. ಸ್ಪಾಟಿಫೈ ಎಲ್ಲರ ಹಾಡನ್ನೂ ಸುಮಾರು ಮೈನಸ್ 14 ಲಫ್ಸ್ (ಸದ್ದಿನ ಜೋರು ಅಳೆಯುವ ಮಾನ) ಅನ್ನೋ ಒಂದೇ ಮಟ್ಟಕ್ಕೆ ತರುತ್ತದೆ. ನಾವು ಎಷ್ಟು ಜೋರು ಮಾಡಿದರೂ ಅಷ್ಟೇ ಇಳಿಸುತ್ತದೆ, ಏರಿಳಿತ ಸತ್ತುಹೋಗಿದ್ದು ಮಾತ್ರ ಉಳಿಯುತ್ತದೆ. ಒಂದು ತಬಲಾ ಬೀಟ್ ಹಾಕಿ ಅಂದರು ಇನ್ನೊಬ್ಬರು. ಇದಕ್ಕೆ ‘ಸ’ ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಸಮಾಧಾನ ಹೇಳುವವರೂ ಇದ್ದರು. ಚರಣ್‌ಜಿತ್ ಸಿಂಗ್ ಅವರ ಉದಾಹರಣೆ ಕೊಟ್ಟರು. ಮುಂಬೈಯ ಈ ಸಂಗೀತಗಾರ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಸರ್‌ನಲ್ಲಿ, ಡಿಸ್ಕೊ ಬೀಟ್ ಮೇಲೆ ನುಡಿಸಿದ್ದರು. ಆಗ ಅದನ್ನು ಕೇಳುವವರೇ ಇರಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆಯಾದಾಗ ಜಗತ್ತೇ ತಿರುಗಿ ನೋಡಿತು. ಕಾಲ ಬಂದರೆ ಜನಕ್ಕೆ ಅರ್ಥ ಆಗುತ್ತೆ ಅನ್ನೋದು ಇವರ ಮಾತಿನ ಸಾರ. ನನಗೆ ಇದು ಅಷ್ಟು ಹಿಡಿಸುವುದಿಲ್ಲ. ಇಪ್ಪತ್ತೆಂಟು ವರ್ಷ ಕಾದು ಕೂರುವುದನ್ನು ಯೋಜನೆ ಅಂತ ಹೇಗೆ ಕರೆಯೋದು? ಅದಕ್ಕಿಂತ ಮುಖ್ಯವಾಗಿ, ಸೋದರತ್ತೆಗೆ ಸೌಂಡೇ ಬರುತ್ತಿಲ್ಲ ಅಂದರೆ ಅದು ಅಭಿರುಚಿಯ ಪ್ರಶ್ನೆ ಅಲ್ಲವೇ ಅಲ್ಲ.

ಅಲ್ಲಿಂದ ಶುರು ಮಾಡಿದೆವು. ಮೂರನೇ ಟ್ರ್ಯಾಕ್ ಮೋಟಾರಿನದ್ದು. ನಮ್ಮ ಕರೆಂಟು 50 ಹರ್ಟ್ಜ್‌ನದ್ದು, ಅಂದರೆ ಸೆಕೆಂಡಿಗೆ ಐವತ್ತು ಸಲ ಮಿಡಿಯುವಂಥದ್ದು, ಮೋಟಾರಿನ ಗುಂಯ್ ಅನ್ನೋ ಸದ್ದು ಅದರ ಮೇಲೇ ನಿಂತಿರುತ್ತದೆ. ‘ಸ’ ಆ ಸದ್ದಿನ ಮೇಲ್ಭಾಗವನ್ನೆಲ್ಲ ಸೋಸಿ ತೆಗೆದು, 50 ಹರ್ಟ್ಜ್‌ನ ಶುದ್ಧ ಸಿಂಥ್ ಸ್ವರವೊಂದನ್ನೇ ಉಳಿಸಿಕೊಂಡಿದ್ದರು. ನನ್ನ ಸ್ಟುಡಿಯೊದ ದೊಡ್ಡ ಸ್ಪೀಕರ್‌ನಲ್ಲಿ ಅದು ಎದೆಗೆ ತಾಗುತ್ತಿತ್ತು. ಫೋನಿನ ಕಡ್ಡಿಪೆಟ್ಟಿಗೆ ಗಾತ್ರದ ಸ್ಪೀಕರ್‌ಗೆ ಅಷ್ಟು ಕೆಳಗಿನ ಸದ್ದನ್ನು ಹೊರಡಿಸುವ ಶಕ್ತಿಯೇ ಇಲ್ಲ. ನಾಲ್ಕು ನಿಮಿಷ ಅತ್ತೆ ಕೇಳಿದ್ದು ಖಾಲಿ ಮೌನ. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಪರಿಹಾರ ಹೀಗಿತ್ತು. 50ರ ಜೊತೆಗೆ 100, 150, 200 ಹೀಗೆ 400ರ ತನಕದ ಮೇಲ್ಸ್ವರಗಳನ್ನು ತೆಳ್ಳಗೆ ಸೇರಿಸಿದೆವು. ಫೋನು ಇದರಲ್ಲಿ ಮೇಲಿನ ಕೆಲವನ್ನಷ್ಟೇ ನುಡಿಸುತ್ತದೆ. ಆದರೆ ಅವು ಐವತ್ತೈವತ್ತರ ಅಂತರದಲ್ಲಿ ಇರುವುದರಿಂದ, ಇಲ್ಲದ 50ನ್ನು ಕಿವಿ ತಾನೇ ಊಹಿಸಿಕೊಳ್ಳುತ್ತದೆ. ತಂಬೂರಿಯ ಕುದುರೆಯ (ತಂತಿಗಳನ್ನು ಹೊತ್ತು ನಿಲ್ಲುವ ಭಾಗ) ಮೇಲೆ ತಂತಿಯಡಿ ನೂಲು ಸೇರಿಸಿದಾಗ ಸದ್ದು ತುಂಬಿಕೊಳ್ಳುವುದೂ ಮೇಲ್ಸ್ವರಗಳಿಂದಲೇ. ‘ಸ’ ಅವರಿಗೆ ಇದು ತಕ್ಷಣ ಹೊಳೆಯಿತು, ಕಲಿತು ಬಿಟ್ಟ ಸಂಗೀತ ಅಲ್ಲಿ ಕೆಲಸಕ್ಕೆ ಬಂತು. ಹೊಸ ಮಿಕ್ಸನ್ನು ಅತ್ತೆಯ ಫೋನಿನಲ್ಲೇ ಹಾಕಿ ಕೇಳಿಸಿದೆವು. “ಈಗ ಬಂತು ನೋಡು. ಆದ್ರೆ ಇದು ನಮ್ ಬಾವಿ ಮೋಟ್ರು ಅಲ್ವೇನೇ?” ಅಂದರು. ಇಷ್ಟ ಆಯ್ತಾ ಅಂತ ನಾವು ಕೇಳಲಿಲ್ಲ.

ಮಳೆ ಟ್ರ್ಯಾಕನ್ನು ಮೊದಲಿನಿಂದ ತೆಗೆದು ಕೊನೆಗೆ ಹಾಕಿದರು. ಇದು ‘ಸ’ ಅವರಿಗೆ ಸುಲಭವಾಗಿರಲಿಲ್ಲ. ಮಳೆಯಿಂದ ಶುರುವಾಗಿ ಬಿಸಿಲಿಗೆ ಹೋಗುವುದು ಆಲ್ಬಮ್‌ನ ಮೂಲ ನಕ್ಷೆ. ಕೇಳುಗರಿಗೆ ಹೆದರಿ ಬದಲಿಸುತ್ತಿದ್ದೇನಾ ಅನ್ನೋ ಅನುಮಾನ ಅವರನ್ನು ತುಂಬಾ ದಿನ ಕಾಡಿತು. ಕೊನೆಗೆ ಅವರು ಕೊಟ್ಟುಕೊಂಡ ಕಾರಣ ನನಗೆ ಒಪ್ಪಿಗೆಯಾಯಿತು. ಪಲ್ಪರ್, ಮೋಟಾರು, ಕಣ ಎಲ್ಲ ಆದಮೇಲೆ ಮಳೆ ಬಂದರೆ, ಆ ಹಿರಿಯರು ಪಟ್ಟ ಗಾಬರಿ ತೋಟ ಕಾಣದ ಕೇಳುಗನಿಗೂ ಒಂಚೂರು ಆಗಬಹುದು. ಮಳೆ ಆಗ ಹಿನ್ನೆಲೆಯಾಗಿ ಉಳಿಯುವುದಿಲ್ಲ, ನಡೆಯುವ ಸಂಗತಿಯಾಗುತ್ತದೆ. ಅಂದರೆ ಬೈಗುಳವನ್ನು ಅವರು ತಪ್ಪೊಪ್ಪಿಗೆಗೆ ಬಳಸಲಿಲ್ಲ, ರಚನೆಗೆ ಬಳಸಿಕೊಂಡರು.

ಇನ್ನೊಂದು ಪ್ರಶ್ನೆ: ಇದು ಯಾವ ಸದ್ದು ಅಂತ ಕೇಳುಗರಿಗೆ ಮೊದಲೇ ಹೇಳಬೇಕಾ ಬೇಡವಾ? ಶೆಫರ್ ಅವರ ಪ್ರಕಾರ ಸದ್ದು ಎಲ್ಲಿಂದ ಬಂತು ಅನ್ನೋದನ್ನು ಮರೆತು, ಸದ್ದನ್ನು ಸದ್ದಾಗಿಯೇ ಕೇಳಬೇಕು. ಓದೋಕೆ ಚೆನ್ನಾಗಿದೆ. ಹಾಸನದಲ್ಲಿ ಕಾಲೇಜು ಹುಡುಗರನ್ನು ಸೇರಿಸಿ ಕೇಳಿಸಿದಾಗ ನಾವು ಇದಕ್ಕೆ ಉಲ್ಟಾ ಮಾಡಿದೆವು. ಪ್ರತಿ ಟ್ರ್ಯಾಕ್‌ಗೂ ಮೊದಲು ಎರಡು ಮಾತಿನ ವಿವರಣೆ. ಅದು ರಸಪ್ರಶ್ನೆ ಕಾರ್ಯಕ್ರಮ ಆಗಿಹೋಯಿತು. “ಅದೋ ಬಸ್ಸು”, “ಅದು ಜೀರುಂಡೆ ಅಲ್ಲ, ಟ್ರಾನ್ಸ್‌ಫಾರ್ಮರ್” ಅಂತ ಪಿಸಪಿಸ. ಗುರುತು ಹಿಡಿದ ಮೇಲೆ ಫೋನ್ ಕೈಗೆ ಬರುತ್ತಿತ್ತು. ಟ್ರ್ಯಾಕ್ ಆಮೇಲೆ ಎಲ್ಲಿಗೆ ಹೋಯಿತು ಅನ್ನೋದನ್ನು ಯಾರೂ ಕೇಳಲಿಲ್ಲ.

ಗೋಡೌನ್‌ನ ಸಂಜೆ

ರೊಬಸ್ಟಾ ಕೊಯ್ಲೂ ಮುಗಿದು, ಕಾಫಿ ಮೂಟೆಗಳೆಲ್ಲ ಮಾರಾಟವಾಗಿ ಹೋದ ಮೇಲೆ ತೋಟದ ಗೋಡೌನ್ ಖಾಲಿ ಇತ್ತು. ಅಲ್ಲಿಗೆ ನನ್ನ ಸ್ಪೀಕರ್, ಸಬ್ ವೂಫರ್ ಒಯ್ದು ಕಟ್ಟಿದೆವು. ನೆಂಟರು, ಅಕ್ಕಪಕ್ಕದ ತೋಟದವರು, ಕೂಲಿಯವರು ಇರುವ ಲೈನ್ ಮನೆಯವರು, ಎಲ್ಲರಿಗೂ ಹೇಳಿ ಕಳಿಸಿದ್ದರು. ಚಾಪೆ, ಕುರ್ಚಿ, ಮಂಡಕ್ಕಿ, ಕಾಫಿ. ಈ ಸಲ ವಿವರಣೆ ಇಲ್ಲ, ಸುಮ್ನೆ ಹಾಕಿದೆವು.

ಮೊದಲ ಹತ್ತು ನಿಮಿಷ ಕೆಮ್ಮು, ಕುರ್ಚಿ ಎಳೆದಾಟ. ಪಲ್ಪರ್ ಟ್ರ್ಯಾಕ್ ಬಂದಾಗ ತೋಟದವರೆಲ್ಲ ನೆಟ್ಟಗೆ ಕೂತರು. ಅದರಲ್ಲಿ ಡ್ರಮ್ ತಿರುಗುವ ತಾಳ ನಿಧಾನವಾಗಿ ವೇಗ ಹೆಚ್ಚಿಸಿಕೊಂಡು, ಕೊನೆಗೆ ಒಂದೇ ಸ್ವರವಾಗಿ ಬೆರೆತುಹೋಗುತ್ತದೆ. ಮುಗಿದ ತಕ್ಷಣ ಟಾರ್ಪಲ್ ಹಿರಿಯರು ಕೈ ಎತ್ತಿದರು.

“ಅಲ್ಲ ಕಣಮ್ಮ, ಇದು ಯಾರ ಪಲ್ಪರು? ಗ್ಯಾಪ್ ಟೈಟ್ ಮಾಡಿಟ್ಟಿದ್ದಾರೆ. ಬೀಜ ಕಟ್ ಆಗ್ತಾ ಇದೆ. ನೀರೂ ಸಾಲ್ತಾ ಇಲ್ಲ.”

‘ಸ’ ಅವರ ಅಪ್ಪ ತಲೆ ತಗ್ಗಿಸಿದರು. ಅದು ಅವರದ್ದೇ ಪಲ್ಪರ್. ಡ್ರಮ್ಮಿಗೂ ಎದುರಿನ ಪ್ಲೇಟಿಗೂ ನಡುವಿನ ಸಂದು ಕಿರಿದಾದರೆ ಸಿಪ್ಪೆಯ ಜೊತೆ ಬೀಜವೂ ಗಾಯವಾಗುತ್ತದೆ. ಆ ಸಣ್ಣ ಕಟ್‌ಕಟ್ ಸದ್ದು ‘ಸ’ ಅವರ ಕಿವಿಗೆ ಚಂದದ ತಾಳವಾಗಿ ಕೇಳಿಸಿ, ಟ್ರ್ಯಾಕ್‌ನ ಉದ್ದಕ್ಕೂ ಅದನ್ನೇ ಮುಂದೆ ತಂದಿದ್ದರು. ಹಿರಿಯರು ಆಮೇಲೆ “ಇದೆಲ್ಲ ಸಂಗೀತ ಅಲ್ಲ ಬಿಡಮ್ಮ” ಅಂತಲೂ ಸೇರಿಸಿದರು. ಆದರೆ ಇಡೀ ಆಲ್ಬಮ್‌ನಲ್ಲಿ ಒಂದು ಸದ್ದಿನ ಒಳಗೆ ಅಷ್ಟು ಆಳಕ್ಕೆ ಇಳಿದು ಕೇಳಿದ ಇನ್ನೊಬ್ಬ ಕೇಳುಗ ನಮಗೆ ಸಿಕ್ಕಿಲ್ಲ. ಸಂಗೀತ ಹೌದೋ ಅಲ್ಲವೋ ಅನ್ನೋ ಅವರ ತೀರ್ಪಿಗಿಂತ ಆ ಕೇಳ್ಮೆ ದೊಡ್ಡದು ಅಂತ ನನ್ನ ಅಭಿಪ್ರಾಯ. ಶೆಫರ್ ಸೂತ್ರ ಇಲ್ಲಿ ನಡೆಯುವುದಿಲ್ಲ ಅನ್ನೋದೂ ಅಲ್ಲೇ ಗೊತ್ತಾಯಿತು. ಪಲ್ಪರನ್ನು ಕಂಡೇ ಇರದವರಿಗೆ ಅದು ಬರೀ ಲಯ. ಈ ಗೋಡೌನಿನಲ್ಲಿ ಕೂತವರಿಗೆ ಅದು ಕೂಲಿ, ಕರೆಂಟು, ರೇಟು. ಅದನ್ನು ಮರೆತು ಕೇಳಿ ಅಂತ ಹೇಳೋಕೆ ನಾವ್ಯಾರು?

ಆ ಸಂಜೆಯ ನಿಜವಾದ ತಿರುವು ಐದನೇ ಟ್ರ್ಯಾಕ್. ಕಣದ ಹೆಂಗಸರ ಮಾತನ್ನು ‘ಸ’ ಸೆಕೆಂಡಿನ ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸಿ ಹರಡಿದ್ದರು. ಅದರ ನಡುವೆ ಒಂದು ದನಿ ಮತ್ತೆ ಮತ್ತೆ ಬರುತ್ತದೆ: ಸಾಲ, ಸಾಲ, ಸಾ, ಸಾ, ಸಾಲ. ಬೇರೆ ಕಡೆ ಇದನ್ನು ಕೇಳಿದವರಿಗೆ ಅದು ತಾಳ ಅಷ್ಟೇ. ಇಲ್ಲಿ ದನಿ ಯಾರದ್ದು ಅಂತ ಎಲ್ಲರಿಗೂ ಗೊತ್ತಾಯಿತು. ಕುರ್ಚಿ ಸಾಲಿನಲ್ಲಿ ಯಾರೋ ನಕ್ಕರು. ಗೋಡೆ ಪಕ್ಕ ಕೂತಿದ್ದ ಆ ಹೆಂಗಸು ಎದ್ದು ನಿಂತು ಹೇಳಿದರು:

“ಅಮ್ಮಣ್ಣಿ, ನಾನು ಪೂರ್ತಿ ಹೇಳಿದ್ದೆ. ಮಗಳ ಮದ್ವೆಗೆ ಸಾಲ ಮಾಡ್ದೆ, ಎಲ್ಲಾ ತೀರಿಸ್ದೆ ಅಂತ. ನೀವು ಸಾಲ ಮಾತ್ರ ಇಟ್ಕೊಂಡ್ರಿ.”

ನಾನು ಟ್ರ್ಯಾಕ್ ನಿಲ್ಲಿಸಿದೆ. ‘ಸ’ ಆ ಹೆಂಗಸಿನ ಹತ್ತಿರ ಹೋಗಿ ಕೂತು, “ಅಕ್ಕ, ಅದನ್ನ ತೆಗೆದುಬಿಡ್ತೀನಿ” ಅಂದರು. ತೆಗೆಯೋದು ಬೇಡ, ಪೂರ್ತಿ ಹಾಕಿ ಅಂದರು ಅವರು.

ರೆಕಾರ್ಡ್ ಮಾಡುವಾಗ ಆ ಹೆಂಗಸರಿಗೆಲ್ಲ ರೆಕಾರ್ಡರ್ ಕಾಣುತ್ತಿತ್ತು, ಯಾರೂ ಬೇಡ ಅಂದಿರಲಿಲ್ಲ. ಅದನ್ನೇ ಒಪ್ಪಿಗೆ ಅಂತ ‘ಸ’ ತಿಳಿದಿದ್ದರು. ತೋಟದ ಯಜಮಾನರ ಮಗಳು ಮೈಕ್ ಹಿಡಿದು ನಿಂತಾಗ ಕೂಲಿಗೆ ಬಂದವರು ಬೇಡ ಅನ್ನೋದು ಎಷ್ಟು ಕಷ್ಟ ಅನ್ನೋದು ಅವತ್ತು ಚರ್ಚೆಗೆ ಬಂತು. ಮಾರನೇ ದಿನವೇ ಐದನೇ ಟ್ರ್ಯಾಕ್ ಎಲ್ಲ ಕಡೆಯಿಂದ ಕೆಳಗಿಳಿಯಿತು. ದನಿ ಇರುವ ಪ್ರತಿಯೊಬ್ಬರ ಹತ್ತಿರ ಹೋಗಿ, ಅವರವರ ಭಾಗವನ್ನು ಫೋನಿನಲ್ಲಿ ಕೇಳಿಸಿ, ಒಪ್ಪಿಗೆ ಕೇಳಿದರು. ಒಬ್ಬರು ಬೇಡ ಅಂದರು. ಅವರ ನಗು ಇದ್ದ ಭಾಗ ಹೋಯಿತು. ಅದು ಟ್ರ್ಯಾಕ್‌ನ ಚಂದದ ಭಾಗಗಳಲ್ಲಿ ಒಂದಾಗಿತ್ತು, ಹೋದರೆ ಹೋಯಿತು.

ಆಮೇಲೆ

ಹೊಸ ಐದನೇ ಟ್ರ್ಯಾಕ್‌ನಲ್ಲಿ ಚೂರುಗಳು ಮೊದಲಿನ ಹಾಗೇ ಹರಡಿಕೊಂಡು ಶುರುವಾಗುತ್ತವೆ. ಆದರೆ ನಿಧಾನಕ್ಕೆ ಒಂದಕ್ಕೊಂದು ಹತ್ತಿರ ಬಂದು, ಕೊನೆಯ ಅರ್ಧ ನಿಮಿಷದಲ್ಲಿ ಆ ವಾಕ್ಯ ಪೂರ್ತಿಯಾಗಿ, ಯಾವ ಎಫೆಕ್ಟೂ ಇಲ್ಲದೆ ಬರುತ್ತದೆ. ಹಳೇ ಟ್ರ್ಯಾಕ್‌ಗೆ ಮುಕ್ತಾಯವೇ ಇರಲಿಲ್ಲ, ಮೆಲ್ಲಗೆ ವಾಲ್ಯೂಮ್ ಇಳಿಸಿ ನಿಲ್ಲಿಸಿದ್ದೆವು. ಇದಕ್ಕೆ ಮುಕ್ತಾಯ ಸಿಕ್ಕಿದ್ದು ಆ ಹೆಂಗಸಿನಿಂದ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಇದು ಮಾರಾಟವಾದರೆ ಬರುವ ದುಡ್ಡಿನಲ್ಲಿ ದನಿ ಕೊಟ್ಟವರಿಗೆ ಪಾಲು ಇದೆ. ದೊಡ್ಡ ಮೊತ್ತ ಅಲ್ಲ, ಆದರೆ ಬರೆದುಕೊಟ್ಟಿದ್ದಾರೆ.

ಬದಲಾದ ಆಲ್ಬಮ್ ಏಪ್ರಿಲ್ ಕೊನೆಗೆ ಮತ್ತೆ ಹೊರಬಂತು. ಪವಾಡ ಏನೂ ಆಗಲಿಲ್ಲ. ಸಾವಿರದ ಗಡಿ ದಾಟಿದ್ದು ಮೋಟಾರ್ ಟ್ರ್ಯಾಕ್ ಒಂದೇ. ಆದರೆ ಹಾರಿಸುವವರು ಕಮ್ಮಿಯಾದರು, ಪೂರ್ತಿ ಕೇಳಿದವರ ಸಾಲು ಉದ್ದ ಆಯಿತು. ಬರುವ ಪ್ರತಿಕ್ರಿಯೆಗಳ ರೀತಿಯೂ ಬದಲಾಯಿತು. ಸೂಪರ್ ಕಮ್ಮಿ. “ನಾಲ್ಕನೇದರಲ್ಲಿ ಬಸ್ಸು ಗೇರ್ ಬದಲಿಸೋ ಜಾಗದಲ್ಲಿ ಸಿಂಥ್ ಯಾಕೆ ಜೋರಾಗುತ್ತೆ?” ಅನ್ನೋ ತರದವು ಜಾಸ್ತಿ. ವಿವರಣೆಯನ್ನು ಈಗ ಆಲ್ಬಮ್ ಮುಗಿದ ಮೇಲೆ ಓದುವ ಹಾಗೆ ಕೊನೆಗೆ ಇಟ್ಟಿದ್ದಾರೆ.

ಇಂಥ ಕೆಲಸ ಮಾಡುವವರು ನನ್ನ ಹತ್ತಿರ ಬಂದರೆ ನಾನೀಗ ಕೇಳುಗರ ಮಾತನ್ನು ಬಿಡಿಸಿ ನೋಡಿ ಅನ್ನುತ್ತೇನೆ. ಅತ್ತೆಯ ದೂರು ಸ್ಪೀಕರ್‌ನದ್ದು, ಅದನ್ನು ಸರಿ ಮಾಡಬಹುದು, ಮಾಡಲೇಬೇಕು. ಟಾರ್ಪಲ್ ಹಿರಿಯರದ್ದು ಹೊತ್ತು ಮತ್ತು ಜಾಗದ್ದು, ಅದನ್ನು ಕೇಳಿ ಯೋಚಿಸಬೇಕು. ಕಣದ ಹೆಂಗಸಿನದ್ದು ನ್ಯಾಯದ್ದು, ಅಲ್ಲಿ ಕಲೆಯ ಸ್ವಾತಂತ್ರ್ಯ ಅಂತ ವಾದ ಮಾಡುವ ಹಾಗಿಲ್ಲ. ದೊಡ್ಡಪ್ಪನದ್ದು ಅಭಿರುಚಿಯದ್ದು. ಅವರಿಗೆ ಹಾಡು ಬೇಕು, ಇದು ಹಾಡಲ್ಲ. ಅದಕ್ಕೆ ಏನೂ ಮಾಡಬೇಕಿಲ್ಲ. ಈಗಲೂ ಅವರು ಸಿಕ್ಕಾಗಲೆಲ್ಲ ಶುರು ಆಯ್ತಾ ಅಂತ ಕೇಳುತ್ತಾರೆ, ‘ಸ’ ಅವರೂ ಇನ್ನೂ ಇಲ್ಲ ದೊಡ್ಡಪ್ಪ ಅನ್ನುತ್ತಾರೆ.

ಮುಂದಿನ ಕೆಲಸ ಸಕಲೇಶಪುರದ ಕಡೆಯ ರೈಲು ಹಳಿಯ ಸುತ್ತಲಿನದ್ದು. ಈ ಸಲ ಒಪ್ಪಿಗೆ ಕೇಳಿಯೇ ರೆಕಾರ್ಡರ್ ಆನ್ ಮಾಡುತ್ತಿದ್ದಾರೆ. ಇದರಿಂದ ಜನ ಮೈಕ್ ಮುಂದೆ ಬಿಗಿಯಾಗಿ ಮಾತಾಡುತ್ತಾರೆ ಅನ್ನೋದು ನನ್ನ ತಕರಾರು. ಆ ಬಿಗಿಯೂ ಇರಲಿ, ಅದನ್ನೂ ಬಳಸೋಣ ಅನ್ನೋದು ಅವರ ಉತ್ತರ. ಮೊದಲ ರೆಕಾರ್ಡಿಂಗ್‌ಗಳನ್ನು ಕೇಳಿದ್ದೇನೆ. ನನಗೆ ಇನ್ನೂ ಪೂರ್ತಿ ಒಪ್ಪಿಗೆ ಆಗಿಲ್ಲ.